ಅಪ್‌ಡೇಟ್: ಡೆಸ್ಕ್‌ಟಾಪ್ ಆ್ಯಪ್‌ಗೆ ಕೊನೆಗೂ ಸ್ಪೀಕರ್ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ತುಮಕೂರಿನ ನಮ್ಮ ಮನೆಯ ವೈಫೈ ಸ್ಪೀಕರ್ ಮೊಬೈಲ್‌ನಲ್ಲಿ ಸರಿಯಾಗಿ ನಡೆಯುತ್ತದೆ, ಮಹಡಿ ಮೇಲಿನ ಡೆಸ್ಕ್‌ಟಾಪ್ ಆ್ಯಪ್ ಮಾತ್ರ ‘ಸ್ಪೀಕರ್ ಸಿಗಲಿಲ್ಲ’ ಅನ್ನುತ್ತದೆ ಅಂತ. ನಿನ್ನೆ ಸರಿಹೋಯಿತು!

ಆ್ಯಪ್ ತೆಗೆದು ಮತ್ತೆ ಹಾಕಿದೆ, ಉಪಯೋಗವಾಗಲಿಲ್ಲ. ಕಂಪ್ಯೂಟರ್‌ಗೆ ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಐದು ನಿಮಿಷ ಆಫ್ ಮಾಡಿ ನೋಡಿದೆ, ಆಗಲೂ ಸಿಗಲಿಲ್ಲ. ವಾಪಸ್ ಆನ್ ಮಾಡಿದ್ದೇನೆ.

ಕೆಲಸಕ್ಕೆ ಬಂದಿದ್ದು ‘ಎರಡರ ಐಪಿ ವಿಳಾಸ ಪಕ್ಕಪಕ್ಕ ಇಟ್ಟು ನೋಡಿ’ ಅಂದವರ ಸಲಹೆ (ಐಪಿ ವಿಳಾಸ ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕೆ ಇರುವ ನಂಬರ್). ಡೆಸ್ಕ್‌ಟಾಪ್‌ದು 192.168.1ರಿಂದ ಶುರು, ಸ್ಪೀಕರ್‌ದು 192.168.0ರಿಂದ. ಅಂದರೆ ಎರಡೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿದ್ದವು. ಮೇಲೆ ಸಿಗ್ನಲ್ ಬರುವುದಿಲ್ಲ ಅಂತ ಹಾಕಿಸಿದ ಎರಡನೇ ರೂಟರ್ ಮನೆಯೊಳಗೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿತ್ತು. ಆ್ಯಪ್ ಸ್ಪೀಕರ್ ಹುಡುಕಲು ಕಳಿಸುವ ಸಂದೇಶ ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟುವುದಿಲ್ಲವಂತೆ. ಇಂಟರ್ನೆಟ್ ಎರಡೂ ಕಡೆ ಬರುತ್ತಿತ್ತು, ಹಾಗಾಗಿ ರೂಟರ್ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಮಾಡಿದ್ದಿಷ್ಟು: ಎರಡನೇ ರೂಟರ್‌ನ ವಿಳಾಸವನ್ನು 192.168.0.2 ಮಾಡಿದೆ (ಬೇರೆ ಯಾವ ಸಾಧನಕ್ಕೂ ಆ ನಂಬರ್ ಇಲ್ಲ ಅಂತ ಮೊದಲು ನೋಡಿಕೊಳ್ಳಿ). ಆಮೇಲೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಸೌಲಭ್ಯ) ಆಫ್. ಕೆಳಗಿನಿಂದ ಬರುವ ಕೇಬಲ್ಲನ್ನು ಅದರ ವ್ಯಾನ್ (WAN, ಇಂಟರ್ನೆಟ್ ಕಡೆಯ) ಪೋರ್ಟ್‌ನಿಂದ ಬಿಚ್ಚಿ ಲ್ಯಾನ್ (LAN, ಮನೆಯ ಸಾಧನಗಳ ಕಡೆಯ) ಪೋರ್ಟ್‌ಗೆ ಚುಚ್ಚಿದೆ. ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ.

ಆದರೂ ಸ್ಪೀಕರ್ ಕಾಣಲಿಲ್ಲ! ವಿಂಡೋಸ್ ಇದನ್ನು ಹೊಸ ನೆಟ್‌ವರ್ಕ್ ಅಂದುಕೊಂಡು ‘ಪಬ್ಲಿಕ್’ನಲ್ಲಿ (ಅದೇ ನೆಟ್‌ವರ್ಕ್‌ನ ಬೇರೆ ಸಾಧನಗಳ ಜೊತೆ ಸಂಪರ್ಕ ಕಡಿಮೆ ಮಾಡುವ ಸೆಟ್ಟಿಂಗ್) ಇಟ್ಟಿತ್ತು. ಮನೆಯ ನೆಟ್‌ವರ್ಕ್‌ಗೆ ಇರುವ ‘ಪ್ರೈವೇಟ್’ ಮಾಡಿದ ತಕ್ಷಣ ಸ್ಪೀಕರ್ ಹೆಸರು ಬಂತು. ಇದನ್ನೂ ನಿಮ್ಮಲ್ಲೊಬ್ಬರು ಮೊದಲೇ ಹೇಳಿದ್ದಿರಿ. ಆಗ ಮಾಡಿ ನೋಡಿ ಪ್ರಯೋಜನವಿಲ್ಲ ಅಂದಿದ್ದೆ, ಆದರೆ ಅದೂ ಬೇಕಿತ್ತು.

ಈಗ ಮೇಲೆ ಕೂತು ಹಾಡು ಹಾಕಿದರೆ ಕೆಳಗೆ ಅಡುಗೆಮನೆಯಲ್ಲಿ ಅಮ್ಮ ಕೇಳುತ್ತಾರೆ. ಸಲಹೆ ಕೊಟ್ಟ ಇಬ್ಬರಿಗೂ ತುಂಬಾ ಥ್ಯಾಂಕ್ಸ್.