ಜಿಐ ಪೈಪಿನ ರೇಲಿಂಗ್: ಎರಡು ಸಲ ಬಣ್ಣ ಹೊಡೆಸಿದರೂ ಸಿಪ್ಪೆ ಏಳುತ್ತಿದೆ

ಮಹಡಿಮೆಟ್ಟಿಲು: ಹೊರಗಿನ ಮೆಟ್ಟಿಲಿಗೆ ಪೈಪಿನ ರೇಲಿಂಗ್ ಹಾಕಿಸಿ ಎರಡು ವರ್ಷ ಆಯಿತು. ರೆಡ್ ಆಕ್ಸೈಡ್ ಪ್ರೈಮರ್ (ಅಡಿಬಣ್ಣ) ಒಂದು ಕೋಟ್, ಮೇಲೆ ಕಪ್ಪು ಎನಾಮೆಲ್ ಎರಡು ಕೋಟ್. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಉಗುರು ಹಾಕಿದರೆ ಸಾಕು, ಬಾಳೆಹಣ್ಣಿನ ಸಿಪ್ಪೆ ಥರ ಉದ್ದಕ್ಕೆ ಸುಲಿದು ಬಂತು. ಕೆರೆದು ಮತ್ತೆ ಹೊಡೆಸಿದೆ. ಅದೇ ಕಥೆ. ಒಳಗೆ ತುಕ್ಕೇನೂ ಇಲ್ಲ, ಪೈಪ್ ಬೆಳ್ಳಗೆ ಹೊಳೆಯುತ್ತಿದೆ.

ಅರ್ಧಲೀಟರ್: ಥಿನ್ನರ್ ಜಾಸ್ತಿ ಬೆರೆಸಿರುತ್ತಾರೆ. ಒಳ್ಳೇ ಬಣ್ಣ ತಂದು, ಎದುರಿಗೇ ನಿಂತು ಹೊಡೆಸಿ.

ಹಳೇಬ್ರಶ್: ಬೆಳ್ಳಗೆ ಹೊಳೆಯುತ್ತಿದೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಅದು ಜಿಐ, ಅಂದರೆ ಗ್ಯಾಲ್ವನೈಸ್ಡ್ ಐರನ್, ಕಬ್ಬಿಣದ ಮೇಲೆ ಸತುವಿನ ಪದರ ಇದೆ. ಎನಾಮೆಲ್‌ನಲ್ಲಿರುವ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ನಿಧಾನಕ್ಕೆ ಒಂಥರಾ ಸೋಪು ಆಗುತ್ತದೆ. ಸೋಪಿನ ಮೇಲೆ ಬಣ್ಣ ನಿಲ್ಲುತ್ತದಾ? ಸಾಮಾನ್ಯ ರೆಡ್ ಆಕ್ಸೈಡ್ ಕೂಡ ಅದೇ ಜಾತಿಯದು, ಬರೀ ಕಬ್ಬಿಣಕ್ಕೆ ಸರಿ. ನಮ್ಮ ಕಡೆ ಲೋಹ ಅಂದ ತಕ್ಷಣ ಅದನ್ನೇ ಬಳಿಯುವುದು ಅಭ್ಯಾಸ ಆಗಿಬಿಟ್ಟಿದೆ. ದುಬಾರಿ ಎನಾಮೆಲ್ ತಂದರೆ ದುಬಾರಿ ಸಿಪ್ಪೆ ಏಳುತ್ತದೆ, ಅಷ್ಟೇ.

ಹಳೇ ಬಣ್ಣ ಪೂರ್ತಿ ತೆಗೆಯಿರಿ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬದಲಿಸುತ್ತಾ ಇರಿ. ಕೊಳೆಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಅಷ್ಟೇ. ಆಮೇಲೆ ಎಮರಿ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಸತುವೇ ಕಿತ್ತು ಬರುವಷ್ಟು ಬೇಡ. ನೀರು ಚಿಮುಕಿಸಿ ನೋಡಿ: ಕೆಸುವಿನ ಎಲೆ ಮೇಲಿನ ಹಾಗೆ ಮುತ್ತಾಗಿ ನಿಂತರೆ ಇನ್ನೂ ಜಿಡ್ಡಿದೆ, ತೆಳ್ಳಗೆ ಹರಡಿದರೆ ಸರಿ.

ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ಎರಡು ಡಬ್ಬಿಯಲ್ಲಿ ಬರುತ್ತದೆ, ಎರಡನ್ನೂ ಬೆರೆಸಿ ಹಚ್ಚುವಂಥದ್ದು. ಡಬ್ಬಿ ಮೇಲೆ ಜಿಐಗೆ ಆಗುತ್ತದೆ ಅಂತ ಬರೆದಿರಬೇಕು. ಅಳತೆಯೂ ಅಲ್ಲೇ ಇರುತ್ತದೆ, ಅಂದಾಜಿಗೆ ಬೆರೆಸಬೇಡಿ. ಬೆರೆಸಿದ್ದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಕಲಸಿ. ಎಪಾಕ್ಸಿ ಬಿಸಿಲಿಗೆ ಪುಡಿಪುಡಿ ಆಗುತ್ತದೆ, ಹಾಗೇ ಬಿಡಬಾರದು. ಮೇಲೆ ನಿಮ್ಮ ಕಪ್ಪು ಎನಾಮೆಲ್ಲೇ ನಡೆಯುತ್ತದೆ, ಸತುವಿಗೂ ಅದಕ್ಕೂ ನಡುವೆ ಈಗ ಗೋಡೆ ಇದೆಯಲ್ಲ.

ಮಹಡಿಮೆಟ್ಟಿಲು: ವೆಲ್ಡಿಂಗ್ ಜಾಗದಲ್ಲಿ ಮಾತ್ರ ಸ್ವಲ್ಪ ತುಕ್ಕಿದೆ. ಅಲ್ಲಿ?

ಹಳೇಬ್ರಶ್: ವೆಲ್ಡಿಂಗ್ ಕಾವಿಗೆ ಸತು ಸುಟ್ಟುಹೋಗಿರುತ್ತದೆ. ತಂತಿ ಬ್ರಶ್‌ನಲ್ಲಿ ತುಕ್ಕು ತೆಗೆದು ಅದೇ ಎಪಾಕ್ಸಿ ಇನ್ನೊಂದು ಕೈ ಜಾಸ್ತಿ ಹೊಡೆಯಿರಿ. ಮಳೆ ಬಿಡುವ ತನಕ ಕಾಯಿರಿ.

ಮಹಡಿಮೆಟ್ಟಿಲು: ಕೆಲಸ ಮುಗಿದು ಮೂರು ವಾರ. ಮೂಲೆಯಲ್ಲಿ ಬ್ಲೇಡಿನಿಂದ ಚೌಕಳಿ ಗೀರಿ, ಟೇಪ್ ಅಂಟಿಸಿ ರಪ್ಪಂತ ಎಳೆದೆ. ಒಂದು ಚೂರೂ ಬರಲಿಲ್ಲ. ಆದರೆ ಹಿಡಿಕೆಯ ಅಡಿಭಾಗದಲ್ಲಿ ಒಂದು ಗೇಣು ಕಿತ್ತು ಬಂತು. ಅಲ್ಲಿ ಒರೆಸಲು ಸೋಮಾರಿತನ ಮಾಡಿದ್ದೆ, ಯಾರಿಗೂ ಕಾಣಲ್ಲ ಅಂತ. ಭಾನುವಾರ ಅಷ್ಟನ್ನು ಮತ್ತೆ ಉಜ್ಜಬೇಕು.