ಜಿಂಕೆಯ ಕೊಂಬಿಗೂ ಎತ್ತಿನ ಕೊಂಬಿಗೂ ಒಂದೇ ಪದ ಸಾಕೇ?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿನಲ್ಲಿರುವ ಶಾಲೆಯೊಂದಕ್ಕೆ ಮಲೆನಾಡಿನ ಜಿಂಕೆಗಳ ಬಗ್ಗೆ ಗೋಡೆಫಲಕ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಕಡವೆ, ಚುಕ್ಕೆಜಿಂಕೆ, ಕಾಡುಕುರಿ ಎಂದು ಪ್ರಾಣಿಗಳ ಹೆಸರಿಗೆ ನಮ್ಮಲ್ಲಿ ಬರವಿಲ್ಲ. ತೊಡಕಿರುವುದು ಅವುಗಳ ತಲೆಯ ಮೇಲೆ. ಇಂಗ್ಲಿಷಿನವರು ದನದ್ದಕ್ಕೆ ಹಾರ್ನ್, ಜಿಂಕೆಯದ್ದಕ್ಕೆ ಆಂಟ್ಲರ್ ಎಂದು ಬೇರೆ ಮಾಡಿ ಹೇಳುವ ಎರಡನ್ನೂ ನಾವು ಕೊಂಬು ಎಂದೇ ಕರೆಯುತ್ತೇವೆ. ನಿತ್ಯದ ಮಾತಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕೊಂಬು ಕೆಟ್ಟು ಬೆಳೆದ ಪ್ರಾಣಿಯ ಬಗ್ಗೆ ನಾಲ್ಕು ಸಾಲು ಬರೆಯಲು ಕುಳಿತರೆ ಎರಡನೆಯ ಸಾಲಿಗೇ ಪೆನ್ನು ನಿಲ್ಲುತ್ತದೆ.

ಈ ಪ್ರಶ್ನೆಯನ್ನು ಈಗಲೇ ಎತ್ತಲು ಕಾರಣ ಮೊಬೈಲಿನಲ್ಲಿ ಸುತ್ತುತ್ತಿರುವ ಒಂದು ಚಿತ್ರ. ಹೊಸನಗರದ ಕಡೆಯ ಅಡಿಕೆ ತೋಟದ್ದಂತೆ. ಗಂಡು ಚುಕ್ಕೆಜಿಂಕೆಯ ಎರಡೂ ಕೊಂಬುಗಳ ತುಂಬ ಗಂಟುಗಳು, ಗಂಟುಗಳ ಮೇಲೆ ಗಂಟುಗಳು, ಅಷ್ಟಕ್ಕೂ ನವಿರಾದ ಕೂದಲಿನ ಹೊದಿಕೆ. ಕೆಳಗೆ ಯಾರೋ ‘ಕೊಂಬಿನ ಕ್ಯಾನ್ಸರ್ ಬಂದ ಜಿಂಕೆ’ ಎಂದು ಬರೆದು ಹರಿಯಬಿಟ್ಟಿದ್ದಾರೆ. ಕೊಂಬಿನ ಕ್ಯಾನ್ಸರ್ ಎನ್ನುವುದು ನಮ್ಮ ದೇಶದ ದನಗಳಿಗೆ, ಅದರಲ್ಲೂ ಎತ್ತುಗಳಿಗೆ ಬರುವ ನಿಜವಾದ ಕಾಯಿಲೆ. ಕೊಂಬು ಸಡಿಲವಾಗಿ ವಾಲುತ್ತದೆ, ಮೂಗಿನಿಂದ ರಕ್ತ ಬೆರೆತ ಸಿಂಬಳ ಸುರಿಯುತ್ತದೆ, ಎತ್ತು ತಲೆ ಕೊಡಹುತ್ತಲೇ ಇರುತ್ತದೆ. ದನ ಸಾಕಿದ ಮನೆಯವರಿಗೆ ಆ ಹೆಸರು ನೆನಪಾದದ್ದು ಸಹಜ. ಆದರೆ ಆ ಕಾಯಿಲೆ ಹುಟ್ಟುವುದು ದನದ ಕೊಂಬಿನೊಳಗಿನ ಟೊಳ್ಳನ್ನು ಆವರಿಸಿದ ತೆಳುಪದರದಲ್ಲಿ. ಜಿಂಕೆಯ ಕೊಂಬಿನಲ್ಲಿ ಅಂಥ ಟೊಳ್ಳೇ ಇಲ್ಲ! ಒಂದೇ ಪದವನ್ನು ಹಂಚಿಕೊಂಡ ತಪ್ಪಿಗೆ ಜಿಂಕೆಗೆ ಎತ್ತಿನ ಕಾಯಿಲೆ ಅಂಟಿಕೊಂಡಿತು.

ಎರಡರ ರಚನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪದ ಹುಟ್ಟಬೇಕಾದದ್ದು ಅಲ್ಲಿಂದಲೇ. ದನ, ಎಮ್ಮೆ, ಕಾಟಿ, ಆಡು, ಕೃಷ್ಣಮೃಗ ಇವುಗಳ ಕೊಂಬಿನಲ್ಲಿ ಒಳಗೊಂದು ಎಲುಬಿನ ತಿರುಳು, ಹೊರಗೆ ಉಗುರಿನ ವಸ್ತುವಾದ ಕೆರಾಟಿನ್‌ನ ಒರೆ. ಹೋರಿಗಳು ಗುದ್ದಾಡಿದಾಗ ಒಮ್ಮೊಮ್ಮೆ ಈ ಒರೆ ಕಳಚಿಬಂದು ಒಳಗಿನ ಎಲುಬು ರಕ್ತ ಸುರಿಸುತ್ತ ನಿಂತಿರುವುದನ್ನು ಕೊಟ್ಟಿಗೆ ಇರುವವರು ಕಂಡಿರುತ್ತಾರೆ. ಇದು ಜೀವಮಾನಕ್ಕೆ ಒಂದೇ ಜೊತೆ. ಕಡವೆ, ಚುಕ್ಕೆಜಿಂಕೆ, ಕಾಡುಕುರಿಗಳದ್ದು ಹಾಗಲ್ಲ. ಅವುಗಳ ಕೊಂಬು ಪೂರ್ತಿ ಎಲುಬು. ಹಣೆಯೆಲುಬಿನ ಮೇಲಿರುವ ಮೋಟಿನಿಂದ ಮೂಡಿ, ಬೆಳೆದು, ಗಟ್ಟಿಯಾಗಿ, ಬಿದ್ದುಹೋಗಿ, ಮತ್ತೆ ಮೊದಲಿನಿಂದ ಮೂಡುತ್ತದೆ. ಸಾಮಾನ್ಯವಾಗಿ ಗಂಡಿಗೆ ಮಾತ್ರ. ಒಂದು ಮೀಟರ್ ದಾಟಿದ ಕಡವೆಯ ಕೊಂಬೂ ಹೀಗೆ ಕಾಡಿನ ನೆಲದಲ್ಲಿ ಬಿದ್ದು ಕಣೆಹಂದಿಯ ಹಲ್ಲಿಗೆ ಸಿಗುತ್ತದೆ. ಅದಕ್ಕೆ ಬೇಕಾದ ಸುಣ್ಣ ಮತ್ತು ರಂಜಕ ಅದರಲ್ಲಿವೆ.

ಈಗ ಪದಗಳಿಗೆ ಬರೋಣ. ಕೊಂಬು, ಕೋಡು ಎರಡೂ ಅಚ್ಚಕನ್ನಡ, ಎರಡೂ ಹಳೆಯವು, ಎರಡೂ ವಿಪರೀತ ಉದಾರ ಸ್ವಭಾವದವು. ಕೋಡು ಎಂದರೆ ಪ್ರಾಣಿಯ ಕೊಂಬು, ಆನೆಯ ದಂತ, ಬೆಟ್ಟದ ತುದಿ. ಕೊಂಬು ಎಂದರೆ ಊದುವ ವಾದ್ಯ, ಮರದ ಕೊಂಬೆಯ ಬಳಗದ ಪದ, ಅಷ್ಟೇಕೆ, ಕಾಗುಣಿತದಲ್ಲಿ ಉಕಾರದ ಗುರುತು ಕೂಡ. ತಮಿಳಿನಲ್ಲಿಯೂ ‘ಕೊಂಬು’ ರೆಂಬೆಗೂ ಪ್ರಾಣಿಯ ಕೊಂಬಿಗೂ ಸಲ್ಲುತ್ತದೆ. ಒಂದನ್ನು ದನಕ್ಕೂ ಇನ್ನೊಂದನ್ನು ಜಿಂಕೆಗೂ ಹಂಚಿಬಿಡೋಣ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲರೂ ಎರಡನ್ನೂ ಎಲ್ಲದಕ್ಕೂ ಬಳಸುತ್ತಿರುವಾಗ ಫಲಕದ ಮೇಲೆ ಗೆರೆ ಎಳೆದ ಮಾತ್ರಕ್ಕೆ ನಾಲಗೆ ಕೇಳುವುದಿಲ್ಲ. ಸಂಸ್ಕೃತದ ಶೃಂಗ, ವಿಷಾಣಗಳನ್ನು ತಂದರೂ ಅದೇ ಕಥೆ, ಅವೂ ಈ ಭೇದ ಮಾಡುವುದಿಲ್ಲ.

ಹಾಗಾಗಿ ಕೊಂಬಿಗೇ ಒಂದು ಮುನ್ಪದ ಸೇರಿಸುವ ದಾರಿ ಹಿಡಿದೆ. ಆದೇಶ ಸಂಧಿಯ ದಯೆಯಿಂದ ಕ ಹೋಗಿ ಗ ಬಂದು ಪದ ತಾನಾಗಿ ಬೆಸೆದುಕೊಳ್ಳುತ್ತದೆ. ಮೋಟುಗೊಂಬು, ಡೊಂಕುಗೊಂಬು ಎನ್ನುವ ಬಾಯಿಗೆ ಇದು ಹೊಸದೆನಿಸದು. ದನದ್ದಕ್ಕೆ ‘ಒರೆಗೊಂಬು’ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಜಿಂಕೆಯದ್ದಕ್ಕೆ ಮೊದಲು ಹೊಳೆಯುವ ‘ಕವಲುಗೊಂಬು’ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಹರೆಯದ ಜಿಂಕೆಯ ಮೊದಲ ಕೊಂಬು ಕವಲಿಲ್ಲದ ಬರೀ ಕಡ್ಡಿ. ‘ಉದುರುಗೊಂಬು’ ಕಿವಿಗೆ ಇಂಪು. ಆದರೆ ಅಮೆರಿಕದ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿ ತನ್ನ ಒರೆಯನ್ನೇ ವರ್ಷವರ್ಷ ಉದುರಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾವು ಮಾತನಾಡುತ್ತಿರುವ ಕೆಟ್ಟ ಕೊಂಬಿನ ಲಕ್ಷಣವೇ ಅದು ಉದುರದಿರುವುದು! ಸದ್ಯಕ್ಕೆ ‘ಎಲುಗೊಂಬು’ ಎಂದು ಬರೆದುಕೊಂಡಿದ್ದೇನೆ. ಎಲುಬಿನ ಹಳೆಯ ರೂಪ ಎಲು, ಎರಡಕ್ಷರ, ಹಗುರ.

ಉದುರದಿರುವ ಸಂಗತಿಗೆ ವಿವರಣೆ ಬೇಕು. ಮೂಡುವಾಗ ಎಲುಗೊಂಬಿನ ಮೇಲೆ ರಕ್ತನಾಳ, ನರಗಳಿಂದ ತುಂಬಿದ ಜೀವಂತ ಚರ್ಮವಿರುತ್ತದೆ. ಇಂಗ್ಲಿಷಿನಲ್ಲಿ ವೆಲ್ವೆಟ್. ಇದನ್ನು ‘ಮಖಮಲ್ಲು’ ಎಂದು ಅನುವಾದಿಸಿದ್ದನ್ನು ಓದಿದ್ದೇನೆ, ಬಟ್ಟೆಯಂಗಡಿಯ ವಾಸನೆ ಬರುತ್ತದೆ. ತುಪ್ಪುಳು ಎಂಬ ಚೆಂದದ ಪದ ನಮ್ಮಲ್ಲಿರುವಾಗ ‘ತುಪ್ಪುಳುದೊಗಲು’ ಏಕಾಗಬಾರದು? ಈ ತೊಗಲಿನ ಅಡಿಯಲ್ಲಿ ಕೊಂಬು ಬೆಳೆಯುವ ವೇಗ ಬೆರಗು ಹುಟ್ಟಿಸುವಂಥದ್ದು. ಹೊರದೇಶದ ದೊಡ್ಡ ಜಾತಿಗಳಲ್ಲಿ ದಿನಕ್ಕೆ ಸುಮಾರು 2 ಸೆಂಟಿಮೀಟರ್. ಬೆಳವಣಿಗೆ ಮುಗಿಯುವ ಹೊತ್ತಿಗೆ ರಕ್ತದಲ್ಲಿ ವೃಷಣದಿಂದ ಬರುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಏರುತ್ತದೆ, ಎಲುಬು ಗಟ್ಟಿಯಾಗುತ್ತದೆ, ರಕ್ತ ನಿಂತ ತೊಗಲನ್ನು ಗಂಡು ಮರಕ್ಕೆ ಉಜ್ಜಿ ಹರಿದುಹಾಕುತ್ತದೆ. ಬೆದೆಯ ಕಾಲ ಕಳೆದು ಅದೇ ಹಾರ್ಮೋನು ಇಳಿದಾಗ ಬುಡದ ಎಲುಬನ್ನು ಜೀವಕೋಶಗಳು ಕರಗಿಸಿ ಕೊಂಬನ್ನು ಬೀಳಿಸುತ್ತವೆ. ಶಿವಮೊಗ್ಗದ ಪಕ್ಕದ ತ್ಯಾವರೆಕೊಪ್ಪದ ಸಫಾರಿಗೆ ಹೋದವರು ಒಂದೇ ಹಿಂಡಿನಲ್ಲಿ ಗಟ್ಟಿ ಕೊಂಬಿನದು, ತುಪ್ಪುಳಿನದು, ಬೋಳುತಲೆಯದು ಮೂರನ್ನೂ ನೋಡಬಹುದು. ಚಳಿದೇಶದ ಜಿಂಕೆಗಳ ಹಾಗೆ ನಮ್ಮ ಚುಕ್ಕೆಜಿಂಕೆಗಳೆಲ್ಲ ಒಂದೇ ತಿಂಗಳಿಗೆ ಕೊಂಬು ಬೀಳಿಸುವುದಿಲ್ಲ.

ಇನ್ನು ವೃಷಣ ಕೆಟ್ಟರೆ? ಎತ್ತಿಗೆ ಬೀಜ ಒಡೆಸಿದರೆ ಅದರ ಒರೆಗೊಂಬು ಬೀಳುವುದಿಲ್ಲ, ಸುಖವಾಗಿ ಬೆಳೆಯುತ್ತದೆ. ಜಿಂಕೆಯಲ್ಲಿ ಎಲ್ಲವೂ ಏರುಪೇರು. ಮರಿಯಲ್ಲೇ ವೃಷಣ ಹೋದರೆ ಕೊಂಬೇ ಮೂಡದು. ಗಟ್ಟಿ ಕೊಂಬಿರುವಾಗ ಹೋದರೆ ಕೆಲವು ವಾರಗಳಲ್ಲಿ ಅದು ಬಿದ್ದು, ಮುಂದೆ ಬರುವ ಕೊಂಬು ತುಪ್ಪುಳುದೊಗಲಿನಲ್ಲೇ ಉಳಿದುಬಿಡುತ್ತದೆ. ಗಟ್ಟಿಯಾಗು ಎನ್ನುವ ಆಜ್ಞೆಯೂ ಇಲ್ಲ, ಬೀಳು ಎನ್ನುವ ಆಜ್ಞೆಯೂ ಇಲ್ಲ. ಗಂಟಿಗೆ ಗಂಟು ಸೇರುತ್ತ ಹೋಗುತ್ತದೆ. ಯುರೋಪಿನ ರೋ ಜಿಂಕೆಯಲ್ಲಿ ಇದು ಕಣ್ಣು ಮುಚ್ಚುವಷ್ಟು ಇಳಿಬೀಳುವುದರಿಂದ ಅಲ್ಲಿನವರು ಅದನ್ನು ಕೃತಕ ಕೂದಲ ಟೋಪಿಗೆ ಹೋಲಿಸಿ ಹೆಸರಿಟ್ಟರು. ಅಮೆರಿಕದವರು ಕ್ಯಾಕ್ಟಸ್, ಅಂದರೆ ಕಳ್ಳಿ ಎಂದರು. ಅಲ್ಲಿ ಚಳಿಗಾಲದ ಹಿಮಕ್ಕೆ ತುದಿಗಳು ಸತ್ತು ಉದುರುವುದರಿಂದ ಬೆಳವಣಿಗೆಗೆ ಒಂದಿಷ್ಟು ಕಡಿವಾಣವಾದರೂ ಇದೆ. ಗಂಡುಜಿಂಕೆಯ ವೃಷಣಕ್ಕೂ ಕೊಂಬಿಗೂ ನಂಟಿದೆಯೆಂದು ಅರಿಸ್ಟಾಟಲನೇ ಬರೆದಿದ್ದ. ಮರಿಯ ವಿಷಯ ಸರಿಯಾಗಿ ಹೇಳಿದ. ದೊಡ್ಡದರ ಕೊಂಬು ಹೇಗಿತ್ತೋ ಹಾಗೆಯೇ ನಿಲ್ಲುತ್ತದೆ ಎಂದದ್ದು ಮಾತ್ರ ಪೂರ್ತಿ ನಿಜವಲ್ಲ.

ವೃಷಣ ಕೆಡಲು ದಾರಿಗಳು ಹಲವು: ಹುಟ್ಟಿನಿಂದ ಅದು ಕೆಳಗಿಳಿಯದಿರುವುದು, ಕಾದಾಟದ ಪೆಟ್ಟು, ಕೆಲವು ವೈರಾಣು ರೋಗಗಳು, ಮುಳ್ಳುತಂತಿ ಹಾರುವಾಗ ಆದ ಗಾಯ. ಹೊಸನಗರದ ಜಿಂಕೆಗೆ ಏನಾಯಿತೆಂದು ಚಿತ್ರ ನೋಡಿ ತೀರ್ಪು ಕೊಡುವುದು ಯಾರಿಗೂ ಸಲ್ಲದು. ಆದರೆ ಎರಡೂ ಬದಿ ಒಂದೇ ತರಹ ಕೆಟ್ಟಿರುವುದು, ಒಂದು ಚೂರೂ ತೊಗಲು ಸುಲಿಯದಿರುವುದು, ಇವೆರಡನ್ನು ಸೇರಿಸಿದರೆ ನಾನು ಹಾರ್ಮೋನಿನ ಕಡೆಗೇ ವಾಲುತ್ತೇನೆ. ತೋಟದ ಸುತ್ತ ತಂತಿಬೇಲಿ ಇತ್ತೇ ಎಂದು ವಿಚಾರಿಸಬೇಕು. ಈ ಸ್ಥಿತಿಗೆ ‘ಕಳ್ಳಿಗೊಂಬು’ ಎಂದು ಬರೆದಿದ್ದೇನೆ. ತೀರ್ಥಹಳ್ಳಿಯ ಗೆಳೆಯರು, ಕಳ್ಳಿ ಬಯಲುಸೀಮೆಯ ಗಿಡ, ಮಲೆನಾಡಿನ ಮಕ್ಕಳಿಗೆ ‘ಹುತ್ತಗೊಂಬು’ ಎನ್ನಿ ಎಂದು ಹಟ ಹಿಡಿದಿದ್ದಾರೆ. ಚಿತ್ರ ನೋಡಿದರೆ ಅವರ ಮಾತೇ ಹತ್ತಿರವಿದೆ, ಹುತ್ತದ ಮೇಲೆ ಹುತ್ತ ಎದ್ದ ಹಾಗೆಯೇ ಕಾಣುತ್ತದೆ.

ಒಂದೇ ಬದಿ ಕೆಟ್ಟಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಇಲ್ಲಿ ಕೊಂಬು ಮೂಡುವ ಮೋಟಿಗೆ ಪದ ಬೇಕಾಗುತ್ತದೆ. ‘ಪೀಠ’ ಎನ್ನಬಹುದಿತ್ತು. ಆದರೆ ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದು ಮತ್ತೆ ಚಿಗುರುವ ‘ಕೂಳೆ’ಗಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಬೆಳೆಯುತ್ತಿರುವ ಎಳೆಗೊಂಬಿಗೆ ಪೆಟ್ಟು ಬಿದ್ದರೆ ಬಹುಮಟ್ಟಿಗೆ ಆ ವರ್ಷದ ಕೊಂಬು ಸೊಟ್ಟಗಾಗಿ, ಮುಂದಿನ ಸಲ ಸರಿಹೋಗುತ್ತದೆ. ಕೂಳೆಗೇ ಪೆಟ್ಟಾದರೆ ವರ್ಷವರ್ಷವೂ ವಕ್ರ, ಕೆಲವೊಮ್ಮೆ ಪಕ್ಕದಲ್ಲೊಂದು ಮೂರನೆಯ ಕೊಂಬು. ಕೂಳೆಯ ಎಲುಬನ್ನು ಹೊದ್ದ ತೆಳುಪೊರೆಯಲ್ಲೇ ಎಲ್ಲ ಗುಟ್ಟಿದೆ. ಜರ್ಮನಿಯ ಸಂಶೋಧಕರು ಆ ಪೊರೆಯನ್ನು ಕಿತ್ತು ರೋ ಜಿಂಕೆಯ ಕಾಲಿಗೆ ನೆಟ್ಟಾಗ ಕಾಲಿನ ಮೇಲೆ ಕೊಂಬು ಮೂಡಿತೆಂದು 1974ರಲ್ಲಿ ಪ್ರಕಟಿಸಿದರು. ಇನ್ನೂ ವಿಚಿತ್ರವೆಂದರೆ, ಹಿಂಗಾಲಿಗೆ ದೊಡ್ಡ ಗಾಯವಾದ ಜಿಂಕೆಗಳಲ್ಲಿ ಅದರ ಎದುರು ಬದಿಯ ಕೊಂಬು ಕುಗ್ಗುವುದು ಮತ್ತೆ ಮತ್ತೆ ಕಂಡುಬಂದಿದೆ. ಎಡಗಾಲು ಮುರಿದರೆ ಬಲಗೊಂಬು. ಹಳೆಯ ಮನೆಗಳ ಜಗಲಿಯಲ್ಲಿ ಕೋಟು ನೇತುಹಾಕಲು ಬಳಸುವ ಕಡವೆಯ ಕೊಂಬುಗಳಲ್ಲಿ ಒಂದು ಬದಿ ಮೂರು ಕವಲು, ಇನ್ನೊಂದು ಬದಿ ಮೋಟಾಗಿರುವುದು ಇದ್ದರೆ, ಆ ಪ್ರಾಣಿ ಕುಂಟುತ್ತಿತ್ತೇನೋ ಎಂದು ಯೋಚಿಸಿ ನೋಡಿ.

‘ಮೊಲದ ಕೊಂಬು’ ಎಂಬ ನಮ್ಮ ಗಾದೆಮಾತಿನ ಸರಕಿಗೂ ಒಂದು ಆಧಾರವಿದೆ, ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ಅಮೆರಿಕದ ಕಾಡುಮೊಲಗಳ ಮುಖದಲ್ಲಿ ಕೊಂಬಿನಂತೆ ಬೆಳೆಯುವ ಗಡ್ಡೆಗಳು ವೈರಸ್ಸಿನ ಕೆಲಸವೆಂದು ರಿಚರ್ಡ್ ಶೋಪ್ 1933ರಲ್ಲಿ ತೋರಿಸಿದರು. ಅದು ಎಲುಬಿಲ್ಲದ ಬರೀ ಕೆರಾಟಿನ್. ಖಡ್ಗಮೃಗದ ಕೊಂಬಿನ ಹಾಗೆ ಅದಕ್ಕೂ ನನ್ನ ಎರಡು ಪದಗಳಲ್ಲಿ ಜಾಗವಿಲ್ಲ. ಇರಲಿ, ಶಾಲೆಯ ಗೋಡೆಯಲ್ಲಿಯೂ ಇಲ್ಲ.

ಬಳಗದವರಲ್ಲಿ ನನ್ನ ಕೋರಿಕೆ ಇಷ್ಟು. ಎಲುಗೊಂಬು, ಒರೆಗೊಂಬು ಜೋಡಿ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಕೊಪ್ಪ, ಶೃಂಗೇರಿ, ಸಾಗರದ ಕಡೆಯ ಹಿರಿಯರು ತುಪ್ಪುಳು ಹೊದ್ದ ಎಳೆಯ ಕೊಂಬಿಗೆ, ಅಥವಾ ಆ ಹಂತದಲ್ಲಿರುವ ಗಂಡಿಗೆ ಬೇರೆಯೇ ಹೆಸರಿಟ್ಟು ಕರೆಯುತ್ತಿದ್ದರೇ? ಶಿಕಾರಿ ನಡೆಯುತ್ತಿದ್ದ ಕಾಲದ ಮಾತು ಯಾರ ನೆನಪಿನಲ್ಲಾದರೂ ಉಳಿದಿದ್ದರೆ ನಾನು ಕಟ್ಟಿದ್ದನ್ನು ಅಳಿಸಿ ಅದನ್ನೇ ಬರೆಯುತ್ತೇನೆ. ಹುತ್ತಗೊಂಬೋ ಕಳ್ಳಿಗೊಂಬೋ ಎಂಬುದಕ್ಕೂ ನಿಮ್ಮ ಮತ ಬೇಕು. ಮನೆಯ ಗೋಡೆಯ ಕೊಂಬಿನ ಚಿತ್ರ ಕಳಿಸುವವರು 1972ರ ವನ್ಯಜೀವಿ ಕಾಯ್ದೆಯಡಿ ಪಡೆದ ಮಾಲೀಕತ್ವದ ಪ್ರಮಾಣಪತ್ರ ಕಪಾಟಿನಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.