ಪದ ಬೇಕು: ಹ್ಯಾಪ್ಲೊಟೈಪ್‌ಗೆ ಕನ್ನಡದಲ್ಲಿ ಏನನ್ನೋಣ?

ನಾಳೆ ಬೆಳಗ್ಗೆಯೊಳಗೆ ಒಂದು ಕೈಪಿಡಿಯ ಅನುವಾದ ಕೊಡಬೇಕು. ಮೂಳೆಮಜ್ಜೆ ಕಸಿಗೆ ಒಡಹುಟ್ಟಿದವರನ್ನೇ ಮೊದಲು ಏಕೆ ಪರೀಕ್ಷಿಸುತ್ತಾರೆ ಅಂತ ರೋಗಿಯ ಮನೆಯವರಿಗೆ ತಿಳಿಸುವ ಕೈಪಿಡಿ. ಎಚ್‌ಎಲ್‌ಎ ಜೀನ್‌ಗಳು (ದೇಹ ತನ್ನದು, ಪರರದು ಅಂತ ಗುರುತಿಸಲು ಬಳಸುವವು; ಕಸಿಗೆ ಹೊಂದಬೇಕಾದದ್ದು ಇವೇ) ಆರನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ, ಹಾಗಾಗಿ ಅಪ್ಪನ ಎರಡು ಸೆಟ್‌ಗಳಲ್ಲಿ ಒಂದು, ಅಮ್ಮನ ಎರಡರಲ್ಲಿ ಒಂದು ಸಾಮಾನ್ಯವಾಗಿ ಇಡಿಯಾಗಿ ಮಗುವಿಗೆ ಬರುತ್ತದೆ. ಒಡಹುಟ್ಟಿದ ಇಬ್ಬರಲ್ಲಿ ಎರಡೂ ಹೊಂದುವ ಸಾಧ್ಯತೆ ಶೇ. 25, ಒಂದೇ ಹೊಂದುವುದು ಶೇ. 50, ಒಂದೂ ಹೊಂದದಿರುವುದು ಶೇ. 25. ಈ ‘ಸೆಟ್’ಗೆ ಪದ ಹೇಳಿ. ‘ಏಕಪ್ರರೂಪ’ ಬೇಡ, ನನಗೇ ಅರ್ಥವಾಗಲಿಲ್ಲ. ‘ಕಂತೆ’ ಆಗಬಹುದಾ?

ಮರು: ಆಗದು. ಕಂತೆ ಸಂಸ್ಕೃತದ ಕಂಥಾ, ಚಿಂದಿ ಹೊಲಿದ ಬಟ್ಟೆ. ಕಂತೆಗೆ ತಕ್ಕ ಬೊಂತೆ ಅನ್ನೋದು ಕೇಳಿಲ್ವಾ? ಗ್ರೀಕಿನ ಹ್ಯಾಪ್ಲೂಸ್ ಅಂದರೆ ಒಂಟಿ. ಆದ್ದರಿಂದ ‘ಒಂಟಿಕಟ್ಟು’. ಜೀನ್‌ಗೂ ‘ಪೀಳಿ’ ಅನ್ನಿ.

ಮರು: ಪೀಳಿ ಅಂದರೆ ಆ ಮನೆಯವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಪ್ರತಿಯೊಬ್ಬರಲ್ಲೂ ಎರಡಿರುವುದಕ್ಕೆ ಒಂಟಿ ಅಂತ ಹೆಸರಾ? 1967ರಲ್ಲಿ ಇಟಲಿಯ ತಳಿವಿಜ್ಞಾನಿ ಚೆಪ್ಪೆಲ್ಲಿನಿ ಹ್ಯಾಪ್ಲೊಟೈಪ್ ಅನ್ನುವ ಪದ ತಂದದ್ದು ಇವು ಒಟ್ಟಿಗೆ ಸಾಗುತ್ತವೆ ಅಂತ ಹೇಳೋಕೆ. ಗ್ರೀಕನ್ನು ಅನುವಾದಿಸಬೇಡಿ ಸಾರ್, ಪದ ಮಾಡುವ ಕೆಲಸ ನೋಡಿ. ‘ಕಟ್ಟು’ ಸಾಕು. ಯಾರಾದರೂ ‘ಪಾಲು’ ಅನ್ನುವ ಮುಂಚೆ ಹೇಳಿಬಿಡುತ್ತೇನೆ, ಪಾಲು ಅಂದರೆ ಒಡೆದು ಹಂಚಿದ್ದು, ಇದು ಒಡೆಯದೆ ಬರುವುದು. ಅಪರೂಪಕ್ಕೆ ಕಟ್ಟು ನಡುವೆ ಮುರಿದು ಅದಲುಬದಲಾಗುವುದೂ ಉಂಟು, ಆಗಲೂ ‘ಕಟ್ಟು ಮುರಿಯಿತು’ ಅನ್ನಬಹುದು.

ಮರು: ಜೀನ್ ಇರಲಿ, ಕ್ರೋಮೋಸೋಮ್ ಇರಲಿ, ಎಚ್‌ಎಲ್‌ಎ ಇರಲಿ. ಕೊನೆಗೆ ಕನ್ನಡದ್ದು ಅಂತ ‘ಮತ್ತು’ ಒಂದೇ ಉಳಿಯುತ್ತದೆ.

ಮರು: ‘ಕ್ರೋಮೋಸೋಮಿನಲ್ಲಿ’ ಅಂತ ವಿಭಕ್ತಿ ಹತ್ತಿತಲ್ಲ, ಅಲ್ಲಿಗೆ ಅದು ಕನ್ನಡವೇ. ಕಂತೆಯೂ ಅಷ್ಟೇ. ಕಂಥಾ ಅಂತ ಈಗ ಯಾರು ನೆನೆಯುತ್ತಾರೆ? ಸುಮ್ನೆ ಹಟ.

ಮರು: ಹಟ ಕೂಡ ಸಂಸ್ಕೃತವೇ.

ಜಗಳ ನಡೆಯಲಿ, ನನಗೆ ಹೊತ್ತಿಲ್ಲ. ಮೊದಲ ಸಲ ‘ಹ್ಯಾಪ್ಲೊಟೈಪ್ ಎಂಬ ಜೀನ್ ಕಟ್ಟು’ ಅಂತ ಬರೆದು ಆಮೇಲೆ ಬರೀ ಕಟ್ಟು ಅನ್ನುತ್ತೇನೆ. ಇನ್ನೊಂದಿದೆ. ಹೆತ್ತವರಿಗೂ ಮಗುವಿಗೂ ಒಂದು ಕಟ್ಟಂತೂ ಹೊಂದಿಯೇ ಹೊಂದುತ್ತದೆ, ಹ್ಯಾಪ್ಲೊಐಡೆಂಟಿಕಲ್ ಅನ್ನುತ್ತಾರೆ. ಅದಕ್ಕೆ ‘ಅರೆಹೊಂದಿಕೆ’ ಅಂದರೆ ಸರಿಯಾ, ಅಥವಾ ಅರೆಬರೆ ಅನ್ನಿಸಿ ಜನ ಹೆದರುತ್ತಾರಾ?